ಒಡೆಯುವ ಮುನ್ನವೇ ಅಳೆಯಬೇಕಾದ ಹೊಳೆ

ಸಖರಾಯಪಟ್ಟಣದ ಸಮೀಪದಲ್ಲಿ, ಶಕುನಗಿರಿಯ ಬುಡದಲ್ಲಿ ಹರಡಿಕೊಂಡಿರುವ ಅಯ್ಯನಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದ ರಾಯನೆಂದು ಐತಿಹ್ಯವು ಹೇಳುತ್ತದೆ. ಹೊಯ್ಸಳರ ಆಳಿಕೆಯಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದು ಪ್ರತೀತಿಯುಂಟು. ಆ ಕೆರೆಯ ಏರಿ ನಿಲ್ಲಲೆಂದು ಬಲಿಯಾದನೆನ್ನಲಾದ ಹೊನ್ನಬಿಲ್ಲನೆಂಬ ಸೇವಕನ ಕಥೆಯನ್ನು ಊರು ಈವರೆಗೂ ಮರೆಯದೆ ಕಾಪಾಡಿಕೊಂಡು ಬಂದಿರುವುದನ್ನು ಗಮನಿಸಿದರೆ, ಮಣ್ಣಿನ ಕಟ್ಟೆಯೊಂದು ಒಡೆದೀತೆಂಬ ಭಯವು ಈ ಸೀಮೆಯ ಜನಕ್ಕೆ ಎಷ್ಟು ಪ್ರಾಚೀನವಾದುದೆಂಬುದು ವಿದಿತವಾಗುತ್ತದೆ. ಭಯವಿದ್ದ ಕಡೆ ಕಾವಲೂ ಇರಬೇಕಷ್ಟೆ. ಏರಿಯ ಒಳಮೈಯ ಕಲ್ಲುಕಟ್ಟಣೆ ಜಾರಿದೆಯೇ, ಹೆಗ್ಗಣಗಳು ಬಿಲ ತೋಡಿವೆಯೇ, ತೂಬಿನ ಪಕ್ಕದಲ್ಲಿ ಮಣ್ಣು ಕುಸಿದಿದೆಯೇ, ಹೊರಬುಡದಲ್ಲಿ ಜಿನುಗುವ ನೀರು ತಿಳಿಯಾಗಿದೆಯೇ ಕದಡಿದೆಯೇ ಎಂದು ದಿನದಿನವೂ ನೋಡುತ್ತಿದ್ದ ನೀರಗಂಟಿಯು ತನಗೆ ಅರಿವಿಲ್ಲದೆಯೇ ಒಂದು ಶಾಸ್ತ್ರವನ್ನು ಆಚರಿಸುತ್ತಿದ್ದನು. ಮಣ್ಣಿನ ಏರಿಯಿಂದ ತಿಳಿನೀರು ಜಿನುಗುವುದು ಸಹಜ. ಆ ನೀರು ಕದಡಿ ಬಂದಿತೆಂದರೆ ಏರಿಯ ಒಡಲಿನ ಮಣ್ಣೇ ಕರಗಿ ಹೊರಬರುತ್ತಿದೆಯೆಂದು ಅರ್ಥ.

ಈ ಅಧ್ಯಾಯದ ವಿಷಯವು ಕೆರೆಯ ಏರಿಯಲ್ಲ, ಗಣಿಯ ಕಟ್ಟೆ. ಅದೂ ಆ ಕಟ್ಟೆಯ ಕೆಳಗೆ ಹರಿಯುವ ನದಿ. ಆದರೆ ಎರಡಕ್ಕೂ ಮೂಲಸೂತ್ರವೊಂದೇ. ನಿನ್ನೆಯ ನೀರು ಹೇಗಿತ್ತೆಂದು ಬಲ್ಲವನಿಗೆ ಮಾತ್ರ ಇಂದಿನ ನೀರು ಕೆಟ್ಟಿದೆಯೆಂದು ಹೇಳುವ ಅಧಿಕಾರವಿರುತ್ತದೆ. ಗಣಿಯ ಕಟ್ಟೆ ಒಡೆದ ಮೇಲೆ ನದಿಯ ಮಾಲಿನ್ಯವನ್ನು ಅಳೆಯುವ ಕಾರ್ಯವು, ಸೋಜಿಗವೆನಿಸಿದರೂ, ಕಟ್ಟೆ ಒಡೆಯುವುದಕ್ಕೆ ಬಹುಕಾಲ ಮೊದಲೇ ಆರಂಭವಾಗಿರಬೇಕಾದ ಕಾರ್ಯವಾಗಿದೆ.

ಲಕ್ಯಾ ಹೊಳೆಯ ಕಟ್ಟೆ

ಚಿಕ್ಕಮಗಳೂರು ಜಿಲ್ಲೆಯು ಕಬ್ಬಿಣದ ಅದಿರಿಗೆ ಹೊಸದಾದ ನಾಡಲ್ಲ. 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಅದಿರು ತಂತಿಮಾರ್ಗದಲ್ಲಿ ಕೆಳಗಿಳಿಯುತ್ತಿತ್ತು. ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಕುದುರೆಮುಖದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು 1913ರಷ್ಟು ಹಿಂದೆಯೇ ಗುರುತಿಸಿದ್ದರು. ಆದರೆ ಅದನ್ನು ಅಗೆಯುವ ಉದ್ಯಮವು ಕೈಗೂಡಿದುದು 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪಿತವಾದ ಮೇಲೆ.

ಅಲ್ಲಿಯ ಅದಿರು ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತ ಗುಣದ ಖನಿಜವಾದರೂ ಅದರಲ್ಲಿ ಕಬ್ಬಿಣದ ಅಂಶವು ನೂರಕ್ಕೆ 38ರಷ್ಟನ್ನು ಮೀರುತ್ತಿರಲಿಲ್ಲವಾಗಿ, ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಅಯಸ್ಕಾಂತಗಳಿಂದ ಬೇರ್ಪಡಿಸಿ, ನೂರಕ್ಕೆ 67ರಷ್ಟು ಕಬ್ಬಿಣವುಳ್ಳ ಸಾಂದ್ರವನ್ನಾಗಿ ಮಾಡಿ, ನೀರಿನಲ್ಲಿ ಕಲಸಿದ ಆ ಸಾಂದ್ರವನ್ನು ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಮಂಗಳೂರಿಗೆ ಹರಿಯಿಸುತ್ತಿದ್ದರು. ಮೂರು ಪಾಲು ಅದಿರನ್ನು ಅರೆದರೆ ಸುಮಾರು ಒಂದು ಪಾಲು ಸಾಂದ್ರ. ಉಳಿದ ಎರಡು ಪಾಲು ಬಿಳಿಗಲ್ಲಿನ ಪುಡಿ ಬೆರೆತ ಕೆಸರು. ಗಣಿಯ ಜನ ‘ಟೇಲಿಂಗ್ಸ್’ ಎಂದು ಕರೆಯುವ ಈ ಕೆಸರನ್ನು ತಡೆದು ನಿಲ್ಲಿಸುವುದಕ್ಕಾಗಿಯೇ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಕಟ್ಟೆಯೊಂದನ್ನು ಎಬ್ಬಿಸಲಾಯಿತು.

ಆ ಕಟ್ಟೆ ಒಡೆದಿಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುವುದು ಉಚಿತ. ಆದರೆ ಅದರ ಮೇಲ್ಭಾಗದಲ್ಲಿ ವರ್ಷವೊಂದಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ, ಎಂದರೆ ಕಡೂರಿನ ಬಯಲು ಕಾಣುವುದರ ಹತ್ತರಷ್ಟಕ್ಕೂ ಮಿಗಿಲಾದ ಮಳೆ, ಸುರಿಯುತ್ತದೆ. ಅದರ ಕೆಳಭಾಗದಲ್ಲಿ ಕಳಸ, ಬಾಳೆಹೊನ್ನೂರುಗಳನ್ನು ಹಾಯ್ದು ಲಕ್ಕವಳ್ಳಿಯ ಜಲಾಶಯವನ್ನು ಸೇರುವ ಭದ್ರೆಯು ಹರಿಯುತ್ತದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಅರಣ್ಯದ ನಡುವೆ ನಡೆಯುತ್ತಿದ್ದ ಆ ಗಣಿಯನ್ನು ಪ್ರಶ್ನಿಸಿ, ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಹೆಸರಿನಿಂದ ಪ್ರಸಿದ್ಧವಾದ ಅರ್ಜಿಯ ಮೇಲೆ, ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪನ್ನಿತ್ತಿತು; 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಯಂತ್ರಗಳು ನಿಂತವು, ಕಾರ್ಮಿಕರು ಊರು ಬಿಟ್ಟರು. ಕಟ್ಟೆ ಮಾತ್ರ ಅಲ್ಲಿಯೇ ಉಳಿಯಿತು. ಅದು ಉಳಿಯಲೇಬೇಕು, ಏಕೆಂದರೆ ಅದರ ಹಿಂದೆ ಕಾಲು ಶತಮಾನದ ಕೆಸರು ಕುಳಿತಿದೆ.

ಬ್ರೆಜಿಲ್ ದೇಶದ ಎರಡು ಪಾಠಗಳು

ಕಬ್ಬಿಣದ ಗಣಿಯ ಕಟ್ಟೆ ಒಡೆದರೆ ನದಿಗೆ ಏನಾದೀತೆಂಬುದನ್ನು ಅರಿಯಬಯಸುವವರು ಬ್ರೆಜಿಲ್ ದೇಶದ ಮಿನಾಸ್ ಜೆರಾಯ್ಸ್ ಪ್ರಾಂತದ ಕಡೆಗೆ ನೋಡಬೇಕು. ಅಲ್ಲಿಯ ಮರಿಯಾನಾ ಪಟ್ಟಣದ ಸಮೀಪದ ಫುಂಡಾಂವ್ ಕಟ್ಟೆಯು 2015ರ ನವೆಂಬರ್ 5ರಂದು ಕುಸಿದು, ಸುಮಾರು 4 ಕೋಟಿ ಘನಮೀಟರಿನಷ್ಟು ಕೆಸರು ಬೆಂತೊ ರೊಡ್ರಿಗೆಸ್ ಎಂಬ ಹಳ್ಳಿಯನ್ನು ಕೊಚ್ಚಿ, 19 ಜನರ ಪ್ರಾಣವನ್ನು ತೆಗೆದು, ದೋಸೆ ನದಿಗಿಳಿದು, 600 ಕಿಲೋಮೀಟರುಗಳಿಗೂ ಹೆಚ್ಚು ದೂರ ಸಾಗಿ, ಎರಡು ವಾರಗಳು ಕಳೆದ ಮೇಲೆ ಅಟ್ಲಾಂಟಿಕ್ ಸಾಗರವನ್ನು ಸೇರಿತು. ದಾರಿಯಲ್ಲಿದ್ದ, ಎರಡೂವರೆ ಲಕ್ಷಕ್ಕೂ ಮಿಕ್ಕ ಜನರಿರುವ ಗವರ್ನದೋರ್ ವಲಾದಾರಿಸ್ ನಗರವು ಆ ನದಿಯ ನೀರನ್ನೇ ಕುಡಿಯುತ್ತಿದ್ದುದರಿಂದ, ಅಲ್ಲಿ ನೀರೆತ್ತುವ ಪಂಪುಗಳನ್ನು ನಿಲ್ಲಿಸಬೇಕಾಯಿತು.

ನುಣ್ಣನೆಯ, ನೀರು ತುಂಬಿದ, ಸಡಿಲವಾಗಿ ಕುಳಿತ ಕೆಸರಿನಲ್ಲಿ ಕಣಗಳು ಒಂದನ್ನೊಂದು ಒತ್ತಿಹಿಡಿದಿರುವಷ್ಟು ಕಾಲ ಅದು ನೆಲದಂತೆ ಭಾರವನ್ನು ಹೊರುತ್ತದೆ. ಯಾವುದೋ ಒಂದು ಕಾರಣದಿಂದ ಆ ಕಣಗಳು ಒತ್ತೊತ್ತಾಗಿ ಕುಸಿಯತೊಡಗಿದರೆ, ನಡುವಣ ನೀರು ಹೊರಹೋಗಲು ಎಡೆ ದೊರೆಯದೆ, ಭಾರವೆಲ್ಲವೂ ಕಣಗಳಿಂದ ನೀರಿಗೆ ವರ್ಗವಾಗಿ, ಕ್ಷಣಮಾತ್ರದಲ್ಲಿ ಘನವು ದ್ರವವಾಗಿ ಹರಿಯುತ್ತದೆ. ಸಮುದ್ರದ ಅಂಚಿನ ಒದ್ದೆ ಮರಳನ್ನು ಕಾಲಿನಿಂದ ಮತ್ತೆಮತ್ತೆ ಒತ್ತಿದಾಗ ಗಟ್ಟಿಯಾಗಿದ್ದ ನೆಲವು ಗಂಜಿಯಂತಾಗುವುದನ್ನು ನೋಡಿದವರಿಗೆ ಈ ದ್ರವೀಭವನದ ಕಲ್ಪನೆಯು ಸುಲಭವಾಗಿ ಬರುತ್ತದೆ. ಫುಂಡಾಂವ್ ಕಟ್ಟೆಯನ್ನು ಪರಿಶೀಲಿಸಿದ ತಜ್ಞರು ಇದನ್ನೇ ಕಾರಣವೆಂದು ನಿರ್ಣಯಿಸಿದರು. ಹಳೆಯ ಕೆಸರನ್ನೇ ಅಡಿಪಾಯವಾಗಿಟ್ಟು ಅದರ ಮೇಲೆ ಹಂತಹಂತವಾಗಿ ಕಟ್ಟೆಯನ್ನು ಏರಿಸುತ್ತ ಹೋಗುವ ವಿಧಾನದಲ್ಲಿ ಈ ಅಪಾಯವು ಅಧಿಕ.

ಎರಡನೆಯ ಪಾಠವು ಇನ್ನೂ ಕಠಿನವಾದುದು. 2019ರ ಜನವರಿ 25ರಂದು ಅದೇ ಪ್ರಾಂತದ ಬ್ರುಮಾದಿನ್ಯುವಿನಲ್ಲಿ 86 ಮೀಟರ್ ಎತ್ತರದ ಕಟ್ಟೆಯೊಂದು ಒಡೆದು 270 ಜನ ಮಡಿದರು; ಪರವೋಪೆಬ ನದಿಯು ಕೆಸರಾಯಿತು. ಆ ಕಟ್ಟೆಯು ಕೆಲಸದಲ್ಲಿದ್ದ ಕಟ್ಟೆಯಲ್ಲ. 2016ರ ಈಚೆಗೆ ಅದಕ್ಕೆ ಹೊಸ ಕೆಸರನ್ನು ಸುರಿದಿರಲಿಲ್ಲ. ಕುಸಿಯುವ ಮುನ್ನ ಕಣ್ಣಿಗೆ ಬೀಳುವಂತಹ ಯಾವ ದುಶ್ಚಿಹ್ನೆಯೂ ಅದರ ಮೈಮೇಲೆ ತೋರಿರಲಿಲ್ಲವೆಂದು ತಜ್ಞರ ಮಂಡಲಿಯು ವರದಿ ಮಾಡಿತು. ಗಣಿ ಮುಚ್ಚಿದೊಡನೆ ಕಟ್ಟೆಯು ನಿರುಪದ್ರವಿಯಾಗುತ್ತದೆಂಬ ನಂಬಿಕೆಯನ್ನು ಆ ಒಂದು ಮಧ್ಯಾಹ್ನವು ಹುಸಿಯಾಗಿಸಿತು. ಕುದುರೆಮುಖದ ಕಟ್ಟೆಯ ರಚನೆಯು ಬೇರೆ, ಮಣ್ಣು ಬೇರೆ, ಪರಿಸ್ಥಿತಿ ಬೇರೆ. ಅಲ್ಲಿಯ ಅನುಭವದಿಂದ ಇಲ್ಲಿಯ ಅನಾಹುತವನ್ನು ಭವಿಷ್ಯ ನುಡಿಯುವುದು ಯುಕ್ತವಲ್ಲ. ಆದರೆ ಮುಚ್ಚಿದ ಗಣಿಯ ಕಟ್ಟೆಗೂ ಕಾವಲು ಬೇಕೆಂಬ ತತ್ತ್ವವು ಎರಡು ಕಡೆಗೂ ಸಮಾನವಾಗಿ ಅನ್ವಯಿಸುತ್ತದೆ.

ನೀರಿನಲ್ಲಿ ಅಳೆಯತಕ್ಕದ್ದು ಏನು

ಗಣಿಯ ಕೆಸರುಗಳೆಲ್ಲವೂ ಒಂದೇ ಬಗೆಯ ವಿಷಗಳಲ್ಲ. 1998ರಲ್ಲಿ ಸ್ಪೇನ್ ದೇಶದ ಅಸ್ನಾಲ್ಕೊಯರ್ ಎಂಬಲ್ಲಿ ಒಡೆದ ಕಟ್ಟೆಯಿಂದ ಹೊರಬಿದ್ದುದು ಗಂಧಕಯುಕ್ತ ಕೆಸರಾದುದರಿಂದ, ಗಾಳಿ ನೀರುಗಳ ಸಂಪರ್ಕದಿಂದ ಆಮ್ಲವು ಹುಟ್ಟಿ ಲೋಹಗಳನ್ನು ಕರಗಿಸುವ ಭೀತಿಯಿತ್ತು; 2000ದಲ್ಲಿ ರೊಮೇನಿಯದ ಬಾಯಾ ಮಾರೆಯಿಂದ ಹರಿದುದು ಚಿನ್ನವನ್ನು ತೆಗೆಯಲು ಬಳಸಿದ ಸಯನೈಡು; ಅದು ತಿಸಾ ನದಿಯ ಮೀನುಗಳನ್ನು ಕೊಂದು ಡಾನ್ಯೂಬನ್ನು ಸೇರಿತು. ಕುದುರೆಮುಖದಂತಹ ಮ್ಯಾಗ್ನೆಟೈಟ್ ಗಣಿಯ ಕೆಸರಿನಲ್ಲಿ ಇಂತಹ ಕ್ಷಿಪ್ರವಿಷಗಳಿಗಿಂತ ಕಣಗಳೇ ಮುಖ್ಯ ಶತ್ರು. ಅವು ನೀರನ್ನು ಕದಡಿ ಬೆಳಕನ್ನು ತಡೆಯುತ್ತವೆ, ಮೀನುಗಳ ಕಿವಿರುಗಳಲ್ಲಿ ಸಿಲುಕುತ್ತವೆ, ಹೊಳೆಯ ತಳದ ಬೆಣಚುಕಲ್ಲುಗಳ ಸಂದುಗಳನ್ನು ಮುಚ್ಚಿ ಅಲ್ಲಿ ಮೊಟ್ಟೆಯಿಡುವ ಮೀನುಗಳಿಗೂ ನೆಲಸಿರುವ ಹುಳುಹುಪ್ಪಟೆಗಳಿಗೂ ಎಡೆಯಿಲ್ಲದಂತೆ ಮಾಡುತ್ತವೆ.

ಆದುದರಿಂದ ಅಳೆಯಬೇಕಾದುದರಲ್ಲಿ ಮೊದಲನೆಯದು ಕದಡು. ನೀರಿನ ಮೂಲಕ ಬೆಳಕನ್ನು ಹಾಯಿಸಿ, ಕಣಗಳಿಂದ ಅದು ಎಷ್ಟು ಚದರುತ್ತದೆಂಬುದನ್ನು ಓರೆಯಿಂದ ನೋಡುವ ಉಪಕರಣವು ಅದನ್ನು ಎನ್.ಟಿ.ಯು. ಎಂಬ ಮಾನದಲ್ಲಿ ಹೇಳುತ್ತದೆ. ಕುಡಿಯುವ ನೀರಿನಲ್ಲಿ ಅದು 1ನ್ನು ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ 5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಈ ಉಪಕರಣವನ್ನು ನದಿಯಲ್ಲಿಯೇ ಇರಿಸಿ ಕೆಲವು ನಿಮಿಷಗಳಿಗೊಮ್ಮೆ ಓದಬಹುದಾದುದರಿಂದ, ಮೇಲಿನ ಊರಿನಿಂದ ಕೆಸರಿನ ಅಲೆಯು ಇಳಿದು ಬರುತ್ತಿದೆಯೆಂದು ಕೆಳಗಿನ ಊರಿಗೆ ಮುನ್ನೆಚ್ಚರಿಕೆ ಕೊಡಲು ಇದಕ್ಕಿಂತ ಸುಲಭವಾದ ಸಾಧನವಿಲ್ಲ. ಆದರೆ ಅದು ಬೆಳಕನ್ನು ಅಳೆಯುತ್ತದೆಯೇ ಹೊರತು ಮಣ್ಣನ್ನಲ್ಲ. ಮಣ್ಣಿನ ತೂಕ ಬೇಕಾದರೆ ಗೊತ್ತಾದ ಅಳತೆಯ ನೀರನ್ನು ಸೋಸಿ, ಸೋಸುಕಾಗದದ ಮೇಲೆ ನಿಂತುದನ್ನು ನೀರು ಕುದಿಯುವ ಉಷ್ಣತೆಗಿಂತ ತುಸು ಹೆಚ್ಚಿನ ಕಾವಿನಲ್ಲಿ ಒಣಗಿಸಿ ತೂಗಬೇಕು. ಇವೆರಡರ ಸಂಬಂಧವನ್ನು ಪ್ರತಿಯೊಂದು ನದಿಗೂ ಬೇರೆಬೇರೆಯಾಗಿ, ಪ್ರಯೋಗದಿಂದ, ಕಂಡುಕೊಳ್ಳಬೇಕು.

ಎರಡನೆಯದು ಲೋಹಗಳು. ಇಲ್ಲಿ ಒಂದು ವಿವೇಕವು ಅಗತ್ಯ. ಕಣಗಳಿಗೆ ಅಂಟಿಕೊಂಡಿರುವ ಲೋಹವೂ ನೀರಿನಲ್ಲಿ ಕರಗಿರುವ ಲೋಹವೂ ಜೀವಿಗಳ ಪಾಲಿಗೆ ಸಮಾನವಲ್ಲ. ಅರ್ಧ ಮೈಕ್ರಾನಿಗಿಂತ ಸಣ್ಣ ರಂಧ್ರಗಳ ಪೊರೆಯಲ್ಲಿ ನೀರನ್ನು ಹೊಳೆಯ ದಡದಲ್ಲಿಯೇ ಸೋಸಿ, ಸೋಸಿದ ಭಾಗಕ್ಕೆ ಕೂಡಲೇ ನೈಟ್ರಿಕ್ ಆಮ್ಲವನ್ನು ಬೆರೆಸಿದರೆ ಮಾತ್ರ ಕರಗಿದ ಲೋಹದ ನಿಜವಾದ ಪ್ರಮಾಣವು ದೊರೆಯುತ್ತದೆ. ಸೋಸದೆ ಆಮ್ಲ ಹಾಕಿದರೆ ಕಣಗಳಲ್ಲಿರುವುದೂ ಕರಗಿ ಲೆಕ್ಕವು ಹೆಚ್ಚಾಗುತ್ತದೆ, ಆಮ್ಲ ಹಾಕದೆ ಸೀಸೆಯಲ್ಲಿ ಇಟ್ಟರೆ ಕರಗಿದ್ದುದು ಸೀಸೆಯ ಗೋಡೆಗೆ ಅಂಟಿ ಲೆಕ್ಕವು ತಗ್ಗುತ್ತದೆ. ಪ್ರಯೋಗಶಾಲೆಯ ಯಂತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ ದಡದಲ್ಲಿ ಆದ ತಪ್ಪನ್ನು ತಿದ್ದಲಾರದು.

ಮೂರನೆಯದು ಜೀವಿಗಳು. ನೀರಿನ ಸೀಸೆಯು ತುಂಬಿದ ಆ ಕ್ಷಣದ ವಾರ್ತೆಯನ್ನು ಮಾತ್ರ ಹೇಳುತ್ತದೆ. ಹೊಳೆಯ ಕಲ್ಲುಗಳ ಅಡಿಯಲ್ಲಿ ತಿಂಗಳುಗಟ್ಟಲೆ ಬದುಕುವ ಕೀಟಗಳ ಮರಿಗಳು ಕಳೆದ ತಿಂಗಳುಗಳ ಸಮಗ್ರ ಚರಿತ್ರೆಯನ್ನು ಹೇಳುತ್ತವೆ. ಶುದ್ಧ ನೀರನ್ನೇ ಬಯಸುವ ಕೆಲವು ಜಾತಿಯ ಕೀಟಗಳು ಒಂದು ತಾಣದಿಂದ ಮಾಯವಾಗಿ, ಕೆಸರನ್ನು ಸಹಿಸುವ ಹುಳುಗಳು ಮಾತ್ರ ಉಳಿದಿದ್ದರೆ, ಸೀಸೆಯ ನೀರು ಅಂದು ಎಷ್ಟೇ ತಿಳಿಯಾಗಿದ್ದರೂ ಅಲ್ಲಿ ಏನೋ ಕೆಟ್ಟಿದೆಯೆಂದು ನಿಶ್ಚಯಿಸಬಹುದು.

ಮುಂಗಾರಿನ ಲೆಕ್ಕ

ಮಲೆನಾಡಿನ ನದಿಯನ್ನು ಅಳೆಯುವವರು ಎಲ್ಲಕ್ಕಿಂತ ಮೊದಲು ಮಳೆಗಾಲವನ್ನು ಅರ್ಥಮಾಡಿಕೊಳ್ಳಬೇಕು. ಲೆಕ್ಕದ ಅನುಕೂಲಕ್ಕಾಗಿ ಒಂದು ನದಿಯನ್ನು ಕಲ್ಪಿಸಿಕೊಳ್ಳೋಣ. ಬೇಸಗೆಯಲ್ಲಿ ಅದರಲ್ಲಿ ಸೆಕೆಂಡಿಗೆ 10 ಘನಮೀಟರು ನೀರು ಹರಿಯುತ್ತಿದ್ದು, ಲೀಟರಿಗೆ 5 ಮಿಲಿಗ್ರಾಂ ಮಣ್ಣಿದ್ದರೆ, ಒಂದು ದಿನಕ್ಕೆ ಅದು ಹೊರುವ ಮಣ್ಣು 4 ಟನ್ನುಗಳಿಗಿಂತ ಸ್ವಲ್ಪ ಹೆಚ್ಚು. ಅದೇ ನದಿಯು ಆಷಾಢದ ಒಂದು ಜಡಿಮಳೆಯ ದಿನ ಸೆಕೆಂಡಿಗೆ 300 ಘನಮೀಟರು ಹರಿದು, ಲೀಟರಿಗೆ 2,000 ಮಿಲಿಗ್ರಾಂ ಮಣ್ಣನ್ನು ಹೊತ್ತರೆ, ಆ ಒಂದೇ ದಿನ ಸಾಗುವುದು ಸುಮಾರು 52,000 ಟನ್ನು. ಎಂದರೆ ಬೇಸಗೆಯ ಸುಮಾರು 12,000 ದಿನಗಳ, ಮೂವತ್ತಕ್ಕೂ ಹೆಚ್ಚು ವರ್ಷಗಳ, ಹೊರೆಯನ್ನು ಮಳೆಗಾಲದ ಒಂದು ದಿನವು ಹೊತ್ತುಬಿಡುತ್ತದೆ. ತಿಂಗಳಿಗೊಮ್ಮೆ ಗೊತ್ತಾದ ತಾರೀಖಿನಂದು ಒಂದು ಸೀಸೆ ನೀರನ್ನು ತುಂಬಿ ತರುವ ಪದ್ಧತಿಯಿಂದ, ಆ ದಿನವು ತಪ್ಪಿಹೋಗುವ ಸಂಭವವೇ ಹೆಚ್ಚು. ಅಂಕಿಗಳು ಸತ್ಯವಾಗಿದ್ದೂ ಚಿತ್ರವು ಸುಳ್ಳಾಗುವುದು ಹೀಗೆ.

ಮತ್ತೊಂದು ಸೂಕ್ಷ್ಮವೂ ಉಂಟು. ಪ್ರವಾಹವು ಏರುತ್ತಿರುವಾಗಿನ ನೀರು, ಅದೇ ಎತ್ತರದಲ್ಲಿ ಇಳಿಯುತ್ತಿರುವಾಗಿನ ನೀರಿಗಿಂತ ಸಾಮಾನ್ಯವಾಗಿ ಹೆಚ್ಚು ಕೆಂಪಾಗಿರುತ್ತದೆ. ಸಡಿಲವಾಗಿ ಬಿದ್ದಿದ್ದ ಮಣ್ಣನ್ನು ಮೊದಲ ಏರಿಕೆಯೇ ಬಾಚಿಕೊಂಡು ಹೋಗುತ್ತದೆ. ಹಾಗೆಯೇ ಮುಂಗಾರಿನ ಮೊದಲ ಪ್ರವಾಹಗಳು ಕೊನೆಯವಕ್ಕಿಂತ ಹೆಚ್ಚು ಹೂಳನ್ನು ತರುತ್ತವೆ. ಆದುದರಿಂದ ನೀರಿನ ಎತ್ತರವನ್ನು ನಿರಂತರವಾಗಿ ಬರೆಯುವ ಸಾಧನವನ್ನೂ, ಹೊಳೆಯು ಏರಿದೊಡನೆ ತಾನಾಗಿಯೇ ಸೀಸೆಗಳನ್ನು ತುಂಬಿಕೊಳ್ಳುವ ಯಂತ್ರವನ್ನೂ ಜೊತೆಗೂಡಿಸದೆ ಮಲೆನಾಡಿನ ನದಿಯ ಹೂಳಿನ ಲೆಕ್ಕವು ಪೂರ್ಣವಾಗದು. ಭದ್ರೆಯ ಹೂಳನ್ನು ಕುರಿತು ಜಗದೀಶ್ ಕೃಷ್ಣಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಮಹತ್ವವು ಇಲ್ಲಿದೆ: ಮಳೆ, ಹರಿವು, ಹೂಳುಗಳ ಸಂಬಂಧವು ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆಂಬುದನ್ನು ಸಂಖ್ಯಾಶಾಸ್ತ್ರದಿಂದ ಹಿಂಬಾಲಿಸಿದ ಅವರು, ಜಲಾನಯನದ ವಿಸ್ತಾರದಲ್ಲಿ ಅತ್ಯಲ್ಪವಾದ ಗಣಿಪ್ರದೇಶವು ನದಿಯ ಹೂಳಿಗೆ ತನ್ನ ವಿಸ್ತಾರಕ್ಕೆ ಸ್ವಲ್ಪವೂ ಸರಿಹೊಂದದಷ್ಟು ದೊಡ್ಡ ಪಾಲನ್ನು ಸೇರಿಸುತ್ತಿತ್ತೆಂದು ತೋರಿಸಿದರು. ಕಟ್ಟೆಯು ಒಡೆಯದೆ, ಎಲ್ಲವೂ ಕ್ರಮವಾಗಿಯೇ ನಡೆಯುತ್ತಿದ್ದಾಗಿನ ಸ್ಥಿತಿಯಿದು ಎಂಬುದನ್ನು ನೆನಪಿಡಬೇಕು.

ಹೂಳಿನ ಕುಲವನ್ನು ಕೇಳುವ ಬಗೆ

ಅನಾಹುತವಾದ ಮೇಲೆ ನ್ಯಾಯಾಲಯದ ಮುಂದೆಯೂ ಜನರ ಮುಂದೆಯೂ ಏಳುವ ಪ್ರಶ್ನೆಯೊಂದೇ: ಈ ಕೆಸರು ಯಾರದು? ದೋಸೆ ನದಿಯ ಸಂಗತಿಯಲ್ಲಿ ಇದು ಸುಲಭವಾಗಿರಲಿಲ್ಲ. ಕುಸಿತದ ಅನಂತರ ನೀರಿನಲ್ಲಿ ಆರ್ಸೆನಿಕ್, ಮ್ಯಾಂಗನೀಸ್ ಮುಂತಾದವುಗಳ ಪ್ರಮಾಣವು ಏರಿದುದು ನಿಜ. ಆದರೆ ಅದೇ ಸೀಮೆಯಲ್ಲಿ ಶತಮಾನಗಳ ಹಿಂದಿನಿಂದ ಚಿನ್ನದ ಗಣಿಗಾರಿಕೆ ನಡೆದು, ಹೊಳೆಯ ತಳದಲ್ಲಿ ಹಳೆಯ ಲೋಹಗಳು ಹುದುಗಿದ್ದುವು. ಹೊಸ ಕೆಸರಿನ ರಭಸವು ಆ ಹಳೆಯ ಪಾಪವನ್ನೂ ಕೆದಕಿ ಎಬ್ಬಿಸಿತು. ಹೊಸದೆಷ್ಟು, ಹಳೆಯದೆಷ್ಟು ಎಂದು ಬೇರ್ಪಡಿಸಲು ಸಾಧ್ಯವಾದುದು, ಆ ಪ್ರಾಂತದ ಜಲಸಂಸ್ಥೆಯು ಬಹಳ ವರ್ಷಗಳಿಂದ ಆ ನದಿಯ ನೀರನ್ನು ಕ್ರಮವಾಗಿ ಪರೀಕ್ಷಿಸಿ ದಾಖಲಿಸುತ್ತ ಬಂದಿದ್ದುದರಿಂದ. ಆ ದಾಖಲೆಯು ಇಲ್ಲದಿದ್ದರೆ ವಾದವು ವಾದವಾಗಿಯೇ ಉಳಿಯುತ್ತಿತ್ತು.

ಭದ್ರೆಗೆ ಈ ವಿಷಯದಲ್ಲಿ ಪ್ರಕೃತಿಯೇ ಒಂದು ದೊಡ್ಡ ಅನುಕೂಲವನ್ನು ಒದಗಿಸಿದೆ. ಗಂಗಾಮೂಲದ ಅದೇ ಬೆಟ್ಟಗಳ ಮಡಿಲಲ್ಲಿ ಹುಟ್ಟಿ, ಅಂತಹವೇ ಕಾಡುಗಳಲ್ಲಿ, ಅಂತಹುದೇ ಮಳೆಯಲ್ಲಿ ಹರಿದು, ಶೃಂಗೇರಿಯನ್ನು ಬಳಸಿ, ಕಡೆಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರುವ ತುಂಗೆಯು ಕುದುರೆಮುಖದಂತಹ ಬೃಹತ್ ಗಣಿಯನ್ನು ಕಂಡಿಲ್ಲ. ಎರಡು ನದಿಗಳನ್ನೂ ಒಂದೇ ದಿನ, ಒಂದೇ ವಿಧಾನದಿಂದ ಅಳೆಯುತ್ತ ಹೋದರೆ, ಎರಡರಲ್ಲಿಯೂ ಒಮ್ಮೆಗೇ ಕಾಣಿಸುವ ಬದಲಾವಣೆಯು ಮಳೆಯದು. ಭದ್ರೆಯಲ್ಲಿ ಮಾತ್ರ ಕಾಣಿಸುವುದು ಭದ್ರೆಯ ಜಲಾನಯನದ್ದು. ಮುಂಚೆ ಮತ್ತು ಆಮೇಲೆ, ಪೆಟ್ಟು ತಿಂದದ್ದು ಮತ್ತು ತಿನ್ನದ್ದು ಎಂಬ ಎರಡು ಹೋಲಿಕೆಗಳನ್ನು ಒಟ್ಟಿಗೆ ಮಾಡುವ ಈ ಕ್ರಮವು ಪರಿಸರವಿಜ್ಞಾನದಲ್ಲಿ ಸರ್ವಮಾನ್ಯವಾದುದು.

ಇನ್ನೊಂದು ಅನುಕೂಲವು ಅದಿರಿನ ಸ್ವಭಾವದಲ್ಲಿಯೇ ಇದೆ. ಮ್ಯಾಗ್ನೆಟೈಟು ಅಯಸ್ಕಾಂತಕ್ಕೆ ಅಂಟುತ್ತದೆ; ಬೇರ್ಪಡಿಸುವ ಯಂತ್ರವನ್ನು ತಪ್ಪಿಸಿಕೊಂಡ ಅದರ ಕಣಗಳು ಕೆಸರಿನಲ್ಲಿ ಉಳಿದಿರುವುದರಿಂದ, ನದಿಯ ಹೂಳಿನ ಕಾಂತೀಯ ಗುಣವನ್ನು ಅಳೆದು ಅದರ ಮೂಲವನ್ನು ಊಹಿಸಬಹುದು. ಆದರೆ ಘಟ್ಟದ ಕೆಂಪುಮಣ್ಣಿನಲ್ಲಿಯೂ ಕಾಂತೀಯ ಖನಿಜಗಳು ಇರುವುದುಂಟಾದುದರಿಂದ, ಆ ಒಂದೇ ಸಾಕ್ಷ್ಯವನ್ನು ನಂಬದೆ, ಕಣಗಳ ಗಾತ್ರ, ಆಕಾರ, ರಾಸಾಯನಿಕ ರಚನೆಗಳನ್ನೂ ಜೊತೆಗಿರಿಸಿ ತೀರ್ಮಾನಿಸಬೇಕು. ಗಿರಣಿಯಲ್ಲಿ ಅರೆದ ಕಲ್ಲಿನ ಕಣವು ಚೂಪಾಗಿಯೂ, ಬಿಸಿಲು ಮಳೆಗಳಲ್ಲಿ ಸವೆದ ಕಣವು ಮೊಂಡಾಗಿಯೂ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಇಂತಹ ವಿಚಾರಣೆಗೆ ಸಹಾಯಕವಾಗುತ್ತದೆ.

ಮೂರನೆಯ ಸಾಕ್ಷಿಯು ಲಕ್ಕವಳ್ಳಿಯ ಜಲಾಶಯದ ತಳ. ತರೀಕೆರೆ ತಾಲ್ಲೂಕಿನಲ್ಲಿರುವ, 186 ಅಡಿ ನೀರು ನಿಲ್ಲುವ, 71 ಟಿ.ಎಂ.ಸಿ.ಗೂ ಮಿಕ್ಕ ಸಾಮರ್ಥ್ಯದ ಆ ಜಲಾಶಯವು 1960ರ ದಶಕದಿಂದ ಭದ್ರೆಯ ಹೂಳನ್ನು ಪದರಪದರವಾಗಿ ಸಂಗ್ರಹಿಸುತ್ತ ಬಂದಿದೆ. ಕೊಳವೆಯನ್ನು ತಳಕ್ಕೆ ಇಳಿಸಿ ಆ ಪದರಗಳನ್ನು ಅಖಂಡವಾಗಿ ಮೇಲೆತ್ತಿ, ಸುಮಾರು 22 ವರ್ಷಗಳ ಅರ್ಧಾಯುವುಳ್ಳ ಸೀಸ-210 ಎಂಬ ವಿಕಿರಣಶೀಲ ಸಮಸ್ಥಾನಿಯ ನೆರವಿನಿಂದ ಅವುಗಳ ಕಾಲವನ್ನು ನಿರ್ಣಯಿಸಿದರೆ, ಗಣಿಗಿಂತ ಹಿಂದಿನ ಭದ್ರೆ, ಗಣಿಯ ಕಾಲದ ಭದ್ರೆ, ಗಣಿ ಮುಚ್ಚಿದ ಮೇಲಿನ ಭದ್ರೆ ಎಂಬ ಮೂರು ಅಧ್ಯಾಯಗಳನ್ನು ಅಲ್ಲಿ ಓದಬಹುದು. ಮುಂಚಿತವಾಗಿ ಅಳೆಯದೆ ಹೋದ ವರ್ಷಗಳ ಲೆಕ್ಕವನ್ನು ತಡವಾಗಿಯಾದರೂ ಹೀಗೆ ಸ್ವಲ್ಪಮಟ್ಟಿಗೆ ಪಡೆಯಬಹುದಾಗಿದೆ.

ಜಲಾಶಯವು ಸಾಕ್ಷಿ ಮಾತ್ರವಲ್ಲ, ತಡೆಯೂ ಹೌದು. ಆದರೆ ಎಷ್ಟರ ತಡೆ? ದೋಸೆ ನದಿಯ ದಾರಿಯಲ್ಲಿದ್ದ ಕಾಂದೋಂಗಾ ಎಂಬ ವಿದ್ಯುದಾಗಾರದ ಜಲಾಶಯವು ಸುಮಾರು 1 ಕೋಟಿ ಘನಮೀಟರಿನಷ್ಟು ಕೆಸರನ್ನು ಹಿಡಿದು ನಿಲ್ಲಿಸಿತು. ಉಳಿದ ನುಣುಪು ಕಣಗಳು ಅದನ್ನು ದಾಟಿ ಕಡಲಿಗೆ ಹೋದುವು. ಇದರ ಕಾರಣವನ್ನು ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿ ಸ್ಟೋಕ್ಸನ ನಿಯಮವು ವಿವರಿಸುತ್ತದೆ. ನಿಶ್ಚಲವಾದ ನೀರಿನಲ್ಲಿ ಸಣ್ಣ ಕಣವು ಕೆಳಗಿಳಿಯುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ವ್ಯಾಸವು ಹತ್ತರಲ್ಲೊಂದಾದರೆ ವೇಗವು ನೂರರಲ್ಲೊಂದಾಗುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ಮರಳಿನ ಕಣವು ಒಂದು ಮೀಟರ್ ಇಳಿಯಲು ಒಂದೆರಡು ನಿಮಿಷ ಸಾಕು. 10 ಮೈಕ್ರಾನಿನ ಕಣಕ್ಕೆ ಸುಮಾರು ಮೂರು ಗಂಟೆ. 1 ಮೈಕ್ರಾನಿನ ಕಣಕ್ಕೆ ಹೆಚ್ಚು ಕಡಮೆ ಹದಿಮೂರು ದಿನ. ನೀರು ಅಲುಗಾಡುತ್ತಿದ್ದರೆ ಅದೂ ಸುಳ್ಳು. ಕೆನಡದ ಮೌಂಟ್ ಪಾಲಿ ಕಟ್ಟೆಯು 2014ರ ಆಗಸ್ಟ್ 4ರಂದು ಒಡೆದು ಕ್ವೆನೆಲ್ ಸರೋವರದ ತಳವನ್ನು ಸೇರಿದ ಕೆಸರಿನ ನುಣುಪು ಕಣಗಳು, ಸರೋವರದ ಮೇಲುನೀರು ಕೆಳನೀರುಗಳು ಋತುಮಾನದಲ್ಲಿ ಬೆರೆಯುವಾಗ, ಮುಂದಿನ ವರ್ಷಗಳಲ್ಲಿಯೂ ಮತ್ತೆ ಎದ್ದು ನೀರನ್ನು ಮಬ್ಬಾಗಿಸಿದುದನ್ನು ಅಲ್ಲಿಯ ವಿಜ್ಞಾನಿಗಳು ದಾಖಲಿಸಿದ್ದಾರೆ. ದೊಡ್ಡ ಜಲಾಶಯವು ಮರಳನ್ನು ನಿಲ್ಲಿಸುತ್ತದೆ. ನುಣ್ಣನೆಯ ಕೆಸರನ್ನು ತಡವಾಗಿ ಕಳುಹಿಸುತ್ತದೆ, ಅಷ್ಟೆ.

ಭದ್ರೆಯ ಹೊಸ ದಾರಿ

ಒಂದು ಕಾಲಕ್ಕೆ ಈ ವಿಚಾರವು ಮಲೆನಾಡಿಗೆ ಮಾತ್ರ ಸೇರಿದುದೆಂದು ಬಯಲಿನವರು ಸುಮ್ಮನಿರಬಹುದಾಗಿತ್ತು. ಸಖರಾಯಪಟ್ಟಣದ ನೀರು ಬಾಬಾಬುಡನ್ ಗಿರಿಯ ಮೂಡಣ ಮಗ್ಗುಲಿನದು. ಅಲ್ಲಿ ಹುಟ್ಟಿದ ವೇದಾ ನದಿಯು ಅಯ್ಯನಕೆರೆಯನ್ನು ತುಂಬಿ, ಅವತಿಯೊಡನೆ ಕೂಡಿ ವೇದಾವತಿಯಾಗಿ, ಕಡೂರಿನ ಬಯಲನ್ನು ಹಾಯ್ದು, 1907ರಲ್ಲಿ ಪೂರ್ಣವಾದ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಪಡುವಣ ಮಗ್ಗುಲಿನ ಭದ್ರೆಗೂ ಇದಕ್ಕೂ ಸಂಬಂಧವಿರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯು ಆ ಗಡಿಯನ್ನು ಅಳಿಸಿತು. ತುಂಗೆಯಿಂದ 17.4 ಟಿ.ಎಂ.ಸಿ.ಯನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಒಟ್ಟು 29.9 ಟಿ.ಎಂ.ಸಿ.ಯನ್ನು ಅಜ್ಜಂಪುರದ ಬಳಿಯ, ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಬಯಲಿಗೆ ಹರಿಯಿಸುವ ಈ ಯೋಜನೆಯ ನೀರು 2019ರಲ್ಲಿ ಮೊದಲ ಬಾರಿಗೆ ವೇದಾವತಿಯ ಪಾತ್ರವನ್ನು ಸೇರಿ ವಾಣಿವಿಲಾಸ ಸಾಗರದ ಕಡೆಗೆ ಹೋಯಿತು. 2022ರ ಸೆಪ್ಟೆಂಬರಿನಲ್ಲಿ, 1933ರ ಅನಂತರ ಮೊದಲ ಸಲ, ಆ ಜಲಾಶಯವು ಕೋಡಿ ಬಿದ್ದಿತು.

ಬಯಲಿನ ಪಾಲಿಗೆ ಇದು ಸಂಭ್ರಮದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೀರಿನ ಪಾಲನ್ನು ಪಡೆದವರು ನೀರಿನ ಹೊಣೆಯನ್ನೂ ಪಡೆದಂತಾಯಿತು. ಲಕ್ಯಾ ಕಟ್ಟೆಯ ಕೆಳಗೆ ಏನು ಹರಿಯುತ್ತದೆಂಬುದು ಇನ್ನು ಮೇಲೆ ಕಳಸದವರ ಕಾಳಜಿ ಮಾತ್ರವಲ್ಲ; ತರೀಕೆರೆ, ಅಜ್ಜಂಪುರ, ಹೊಸದುರ್ಗ, ಹಿರಿಯೂರುಗಳ ಕಾಳಜಿಯೂ ಆಗಿದೆ. ಸುರಂಗದ ಕಡೆಗೆ ನೀರೆತ್ತುವ ಪಂಪುಗಳನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ನಿರ್ಧರಿಸಲು, ಬಹಳ ಮೇಲೆ, ಬಾಳೆಹೊನ್ನೂರಿನಂತಹ ಒಂದು ತಾಣದಲ್ಲಿ, ಕದಡನ್ನು ಹಗಲಿರುಳೂ ಓದುವ ಉಪಕರಣವೊಂದು ಇರಬೇಕಾದುದು ಯುಕ್ತ.

ಕಾವಲಿನ ಅವಧಿ

ಹಾಗಾದರೆ ಮಾಡತಕ್ಕುದೇನು? ಕಟ್ಟೆಯ ಮೈಯೊಳಗೆ ನೀರಿನ ಒತ್ತಡವನ್ನು ತಿಳಿಸುವ ಪೀಜೋಮೀಟರುಗಳನ್ನು ಕ್ರಮವಾಗಿ ಓದಿ, ಬುಡದಲ್ಲಿ ಜಿನುಗುವ ನೀರಿನ ಪ್ರಮಾಣವನ್ನೂ ಬಣ್ಣವನ್ನೂ ಬರೆದಿಡುವುದು. ಕೆಲವು ಮಿಲಿಮೀಟರುಗಳ ಸರಿದಾಟವನ್ನೂ ಗುರುತಿಸಬಲ್ಲ ಉಪಗ್ರಹದ ರೇಡಾರ್ ಚಿತ್ರಗಳನ್ನು ಅದಕ್ಕೆ ಜೊತೆಗೂಡಿಸುವುದು. ಲಕ್ಯಾ ಹೊಳೆಯು ಭದ್ರೆಯನ್ನು ಸೇರುವ ಜಾಗದ ಮೇಲೆ ಮತ್ತು ಕೆಳಗೆ, ಕಳಸ, ಬಾಳೆಹೊನ್ನೂರು, ಜಲಾಶಯದ ಮುಖಗಳಲ್ಲಿ, ಮತ್ತು ಹೋಲಿಕೆಗಾಗಿ ಶೃಂಗೇರಿಯ ತುಂಗೆಯಲ್ಲಿ, ಮಳೆಗಾಲದ ಪ್ರವಾಹಗಳನ್ನು ಬಿಡದೆ ಹಿಡಿಯುವ ತಾಣಗಳನ್ನು ಸ್ಥಾಪಿಸುವುದು. ವರ್ಷಕ್ಕೆರಡು ಸಲ ಹೊಳೆಯ ಕೀಟಗಳನ್ನು ಎಣಿಸುವುದು. ಇವೊಂದೂ ಅಸಾಧ್ಯವಾದ ಕೆಲಸಗಳಲ್ಲ. ಕಠಿನವಾದುದು ಇವನ್ನು ಏನೂ ಆಗದ ವರ್ಷಗಳಲ್ಲಿ ಮುಂದುವರಿಸುವುದು. ಹತ್ತು ವರ್ಷ ಒಂದೇ ಬಗೆಯ ಅಂಕಿಗಳು ಬಂದರೆ, ಇದಕ್ಕೆ ಹಣವೇಕೆ ಎಂದು ಕೇಳುವವರು ಹುಟ್ಟುತ್ತಾರೆ. ಆ ಹತ್ತು ವರ್ಷಗಳ ಬೇಸರದ ಅಂಕಿಗಳೇ ಹನ್ನೊಂದನೆಯ ವರ್ಷದ ಅನಾಹುತವನ್ನು ತೂಗುವ ತಕ್ಕಡಿಯ ಕಲ್ಲುಗಳೆಂಬುದನ್ನು ಅವರಿಗೆ ತಾಳ್ಮೆಯಿಂದ ತಿಳಿಸಿಹೇಳಬೇಕಾಗುತ್ತದೆ.

ಬ್ರುಮಾದಿನ್ಯುವಿನ ದುರಂತದ ಅನಂತರ, 2020ರ ಆಗಸ್ಟಿನಲ್ಲಿ, ಗಣಿಗಳ ಕೆಸರುಕಟ್ಟೆಗಳಿಗಾಗಿ ಒಂದು ಜಾಗತಿಕ ಮಾನಕವು ಪ್ರಕಟವಾಯಿತು. ಕಟ್ಟೆಯ ಹೊಣೆಯು ಗಣಿ ಮುಚ್ಚುವುದರೊಡನೆ ಮುಗಿಯುವುದಿಲ್ಲವೆಂಬುದೂ, ಅದರ ವಿಷಯವಾದ ಮಾಹಿತಿಯು ಕೆಳಗೆ ವಾಸಿಸುವ ಜನರಿಗೆ ದೊರೆಯಬೇಕೆಂಬುದೂ ಅದರ ಮುಖ್ಯಾಂಶಗಳಲ್ಲಿ ಸೇರಿವೆ. ಭದ್ರೆಯ ಸಂದರ್ಭದಲ್ಲಿ ಇದರ ಅರ್ಥವಿಷ್ಟು: ಅದಿರು ಕಾಲು ಶತಮಾನದಲ್ಲಿ ಲಾಭವನ್ನು ಕೊಟ್ಟು ಮುಗಿಯಿತು, ಕೆಸರಿಗೆ ಅಂತಹ ಅವಧಿಯಿಲ್ಲ, ಆದುದರಿಂದ ಅಳತೆಯ ವೆಚ್ಚವನ್ನು ಯಾವುದೋ ಒಂದು ಯೋಜನೆಯ ಕೆಲವು ವರ್ಷಗಳ ಅನುದಾನಕ್ಕೆ ಬಿಡದೆ, ಕಟ್ಟೆಯು ನಿಂತಿರುವವರೆಗೂ ನಡೆಯುವ ಶಾಶ್ವತ ನಿಧಿಯೊಂದಕ್ಕೆ ಒಪ್ಪಿಸಿ, ಪ್ರತಿ ತಿಂಗಳ ಅಂಕಿಗಳನ್ನು ಆ ನೀರನ್ನು ಕುಡಿಯುವ ಗ್ರಾಮಪಂಚಾಯಿತಿಗಳ ಮುಂದೆ ಕನ್ನಡದಲ್ಲಿ ಬರೆದು ತೂಗುಹಾಕುವ ಏರ್ಪಾಡಾಗಬೇಕು.